ಮುಚ್ಚಳಪ್ಪನವರ ಹದಿನೆಂಟನೇ ಬಾಟಲಿ

ಬಾಟಲಿ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಮುಚ್ಚಳಪ್ಪನವರೆಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಗೆ ಬರುತ್ತಿರಲಿಲ್ಲ. ಬಾಟಲಿಯ ಮುಚ್ಚಳ ಮತ್ತು ಕತ್ತಿನ ನಕ್ಷೆ ಬರೆಯುವುದು ಅವರ ಕೆಲಸ. ನಾವು ನೀವು ದಿನಕ್ಕೆ ಹತ್ತು ಸಲ ತಿರುಗಿಸಿ ತೆಗೆದು, ಎಲ್ಲೋ ಇಟ್ಟು, ಆಮೇಲೆ ಮನೆಮಂದಿಯ ಮೇಲೆ ರೇಗುತ್ತೇವಲ್ಲ, ಅಂಥ ಮುಚ್ಚಳದ ಹಿಂದೆಯೂ ಒಬ್ಬ ಮನುಷ್ಯ ಕಣ್ಣು ಹಾಳು ಮಾಡಿಕೊಂಡಿರುತ್ತಾನೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಹೊಳೆಯಬೇಕಾಗಿಯೂ ಇಲ್ಲ ಎನ್ನುವುದು ಅವರ ಅಭಿಪ್ರಾಯವಾಗಿತ್ತು. "ಮುಚ್ಚಳ ನೆನಪಿಗೆ ಬಂತು ಅಂದ್ರೆ ಅದು ಸರಿಯಿಲ್ಲ ಅಂತಾನೇ ಅರ್ಥ" ಎನ್ನುತ್ತಿದ್ದರು.

ಮೂವತ್ತನಾಲ್ಕು ವರ್ಷ ಹೀಗೇ ಯಾರ ನೆನಪಿಗೂ ಬಾರದೆ ಕಳೆದುಹೋಗಬೇಕಾಗಿದ್ದ ಬದುಕು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಕಾರ್ಖಾನೆಯ ಗೇಟಿಗೆ ಬಂದಳು. ಕೈಯಲ್ಲಿ ಜ್ವರದ ಔಷಧಿಯ ಬಾಟಲಿ. ಔಷಧಿ ಕಂಪನಿಯದೇ ಚೀಟಿ, ಈ ಕಾರ್ಖಾನೆಯದೇ ಬಾಟಲಿ, ಒಳಗಿದ್ದದ್ದು ಮಾತ್ರ ಬಣ್ಣ ಹಾಕಿದ ಸಕ್ಕರೆ ನೀರು. ಕಸದಿಂದ ಖಾಲಿ ಬಾಟಲಿ ಆರಿಸಿ, ತೊಳೆದು, ತುಂಬಿ, ಮತ್ತೆ ಅಂಗಡಿಗೆ ಸಾಗಿಸುವ ದಂಧೆ ಅದು. ಅವಳ ಮಗು ಉಳಿದಿರಲಿಲ್ಲ. ಈ ಬಾಟಲಿ ಮಾಡಿದವರು ಯಾರು ಎಂದು ಅವಳು ಕೇಳಿದಾಗ ಕಾವಲುಗಾರ ಗಾಬರಿಯಿಂದ ಮುಚ್ಚಳಪ್ಪನವರನ್ನೇ ಕರೆತಂದು ನಿಲ್ಲಿಸಿದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಎರಡನೇ ಸಲ ತುಂಬೋಕೆ ಆಗದ ಹಾಗೆ ಮಾಡೋಕೆ ಬರಲ್ವಾ ನಿಮಗೆ?" ಎಂದು ಮಾತ್ರ ಕೇಳಿದಳು. ಬರುತ್ತದೆ ಎಂದರು ಇವರು. ಆ ಒಂದು ಮಾತು ಅವರ ನಿದ್ದೆ, ಊಟ, ಭಾನುವಾರ ಎಲ್ಲವನ್ನೂ ತಿಂದು ಹಾಕಿತು.

ಬಾಟಲಿಯೊಳಗಿನ ಔಷಧಿ ಹೊರಗೆ ಬರಬೇಕು, ಹೊರಗಿನದು ಏನೂ ಒಳಗೆ ಹೋಗಬಾರದು. ಹೇಳುವುದಕ್ಕೆ ಇಷ್ಟೆ. ಮಾಡಲು ಹೊರಟರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ, ಅದೂ ಆ ಇಲಿ ಕೈಗೆ ಸಿಕ್ಕರೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜಾತಿ ಕಳ್ಳರದು. ಕಾರ್ಖಾನೆಯಲ್ಲಿ ಪರೀಕ್ಷೆಗೆ ಯಂತ್ರವೇನೋ ಇತ್ತು. ಬಾಟಲಿಯನ್ನು ಕಬ್ಬಿಣದ ಹಿಡಿಯಲ್ಲಿ ನೆಟ್ಟಗೆ ನಿಲ್ಲಿಸಿ ಒಮ್ಮೆ, ತಲೆಕೆಳಗು ಮಾಡಿ ಒಮ್ಮೆ, ನೀರನ್ನು ಒತ್ತಿ ಒಳಕ್ಕೆ ನುಗ್ಗಿಸಲು ನೋಡುತ್ತಿತ್ತು. ಆದರೆ ಯಂತ್ರಕ್ಕೆ ಆಸೆಯಿಲ್ಲ. ಆಸೆಯಿಲ್ಲದವರ ಕೈಯಲ್ಲಿ ಕಳ್ಳತನದ ಪರೀಕ್ಷೆ ಎಂಥದು? ಹಾಗಾಗಿ ಮುಚ್ಚಳಪ್ಪನವರು ಯಾರಿಗೂ ಹೇಳದೆ ಇನ್ನೊಂದು ಪರೀಕ್ಷೆ ಇಟ್ಟುಕೊಂಡಿದ್ದರು. ಅದು ಅವರ ಹೆಂಡತಿ.

ಆ ಮಹಾತಾಯಿ ಖಾಲಿ ಬಾಟಲಿಯೊಂದನ್ನು ಎಸೆದದ್ದನ್ನು ಕಂಡವರಿಲ್ಲ. ಜಾಮಿನ ಬಾಟಲಿಯಲ್ಲಿ ಗುಂಡಿ ಮತ್ತು ಸೂಜಿ, ಶಾಂಪೂ ಬಾಟಲಿಯಲ್ಲಿ ಎಣ್ಣೆ, ಎಣ್ಣೆ ಬಾಟಲಿಯಲ್ಲಿ ಸೋಪಿನ ನೀರು. ಆ ಮನೆಯಲ್ಲಿ ಚೀಟಿ ಓದಿ ಯಾವುದನ್ನಾದರೂ ಬಳಸಿದವನು ಕೆಟ್ಟ. ಮುಚ್ಚಳಪ್ಪನವರೇ ಒಮ್ಮೆ ತಲೆಗೆಂದು ಪಾತ್ರೆ ತೊಳೆಯುವ ದ್ರವ ಹಚ್ಚಿಕೊಂಡು ಕಚೇರಿಗೆ ಹೋಗಿ ಬಂದವರು. ಹೊಸ ಮಾದರಿ ತಯಾರಾದಾಗಲೆಲ್ಲ ಒಂದನ್ನು ತಂದು ಪಾತ್ರೆ ತೊಳೆಯುವ ಬಚ್ಚಲ ಪಕ್ಕದಲ್ಲಿ ಇಟ್ಟು, ಏನೂ ಅರಿಯದವರಂತೆ ಪೇಪರು ಹಿಡಿದು ಕೂರುತ್ತಿದ್ದರು. ಒಂದು ವಾರ ಖಾಲಿ ಉಳಿದರೆ ಗೆದ್ದ ಹಾಗೆ.

ಒಂದೂ ಉಳಿದಿರಲಿಲ್ಲ. ಮೊದಲನೆಯದರಲ್ಲಿ ಮರುದಿನವೇ ಎಣ್ಣೆ ಬಂದು ಕೂತಿತ್ತು. ಐದನೆಯದರ ಮುಚ್ಚಳವನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಚಮಚದಿಂದ ಎಬ್ಬಿಸಿದ್ದಳು. ಒಂಬತ್ತನೆಯದಕ್ಕೆ ಹಳೆ ಸಿರಿಂಜು. ಹದಿನಾಲ್ಕನೆಯದನ್ನು ನೋಡಿ ಮುಚ್ಚಳಪ್ಪನವರು ಇವಳಿಗೆ ಹೇಗೆ ಸಾಧ್ಯವಾಯಿತು ಎಂದು ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಸಂಕೋಚ ಬಿಟ್ಟು ಕೇಳಿದ್ದರು. "ಬಾಟಲಿ ಬಿಸಿ ಮಾಡಿ ಬೋರಲು ಹಾಕಿ ತಣ್ಣೀರಲ್ಲಿಟ್ಟೆ. ತಾನೇ ಕುಡೀತು. ಅದರಲ್ಲೇನಿದೆ?" ಎಂದಿದ್ದಳು ಆಕೆ, ನೆಲ ಒರೆಸುತ್ತಲೇ.

ಹದಿನೇಳನೆಯದು ಹೋದ ಮೇಲೆ ಮುಚ್ಚಳಪ್ಪನವರು ನಿಜಕ್ಕೂ ದಣಿದರು. ಮಂಡಿ ನೋವು, ಕಣ್ಣಿಗೆ ದಿನಕ್ಕೆ ಮೂರು ಸಲ ಹನಿ ಔಷಧಿ, ನಿವೃತ್ತಿಗೆ ಎಂಟೇ ತಿಂಗಳು. ನಕ್ಷೆ ಕೋಣೆಯಲ್ಲಿ ಅವರದೊಂದೇ ಮೇಜು ಉಳಿದಿತ್ತು. ಪಕ್ಕದ ಗೋಡೆಯಾಚೆ ಗಾಳಿ ಒತ್ತುವ ಯಂತ್ರ ದಿನವಿಡೀ ದಡದಡ ಎನ್ನುತ್ತಿತ್ತು. ಮನೆಗೆ ಬಂದರೆ ಚಪ್ಪಲಿ ಬಿಚ್ಚುವುದಕ್ಕೂ ಎರಡು ನಿಮಿಷ ಕುರ್ಚಿಯಲ್ಲಿ ಕೂತು ಮನಸ್ಸು ಮಾಡಬೇಕಿತ್ತು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. "ಸಾಕಾಗಿ ಹೋಯ್ತು ಕಣೇ" ಎಂದು ಒಂದು ಸಂಜೆ ತಟ್ಟೆಯ ಕಡೆ ನೋಡುತ್ತ ಹೇಳಿದರು. ಯಾವುದು ಎಂದು ಆಕೆ ಕೇಳಲಿಲ್ಲ.

ಆದರೂ ಹದಿನೆಂಟನೆಯದು ಹುಟ್ಟಿತು. ಕತ್ತಿನೊಳಗೆ ಒಂದು ಗಾಜಿನ ಗೋಲಿ, ಅದರ ಮೇಲೊಂದು ತೆಳ್ಳನೆಯ ಬಿಲ್ಲೆ. ಔಷಧಿಗೆಂದು ಬಗ್ಗಿಸಿದರೆ ಗೋಲಿ ಸರಿದು ದಾರಿ ಬಿಡುತ್ತದೆ. ನೆಟ್ಟಗೆ ನಿಲ್ಲಿಸಿ ಹೊರಗಿನಿಂದ ಸುರಿದರೆ ಗೋಲಿ ಬಾಯಿ ಮುಚ್ಚುತ್ತದೆ. ಬೋರಲು ಹಾಕಿ ಮುಳುಗಿಸಿದರೆ ಹೊರಗಿನ ನೀರೇ ಬಿಲ್ಲೆಯನ್ನು ಒತ್ತಿ ಬಾಯಿ ಮುಚ್ಚಿಸುತ್ತದೆ. ಯಂತ್ರ ಮೂರು ದಿನ ಗುದ್ದಾಡಿ ಸೋತಿತು. ಮುಚ್ಚಳಪ್ಪನವರು ಒಂದನ್ನು ತಂದು ಬಚ್ಚಲ ಪಕ್ಕದಲ್ಲಿಟ್ಟರು.

ಭಾನುವಾರ ಖಾಲಿ. ಸೋಮವಾರ ಖಾಲಿ. ಬುಧವಾರ ಅದು ಜಾಗ ಬದಲಿಸಿ ಕಿಟಕಿಯ ಅಂಚಿಗೆ ಹೋಗಿತ್ತು, ಆದರೆ ಖಾಲಿ. ಶುಕ್ರವಾರ ಮುಚ್ಚಳಪ್ಪನವರು ನೀರು ಕುಡಿಯುವ ನೆಪದಲ್ಲಿ ನಾಲ್ಕು ಸಲ ಅಡುಗೆಮನೆಗೆ ಹೋಗಿ ಬಂದರು. ಶನಿವಾರ ಬೆಳಿಗ್ಗೆ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಂದು ಹನಿಯಿಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಹನ್ನೊಂದು ಗಂಟೆಗೆ ನಕ್ಷೆಯ ಮೂಲೆಯಲ್ಲಿ ಸಹಿ ಹಾಕಿದರು. ಅವರ ಸಹಿ ಬಿದ್ದರೆ ಉಕ್ಕಿನ ಅಚ್ಚು ಕೊರೆಯಬಹುದು, ಕೊರೆದ ಮೇಲೆ ಲಕ್ಷಗಟ್ಟಲೆ ಬಾಟಲಿ. ಅಚ್ಚು ಕೊರೆಯುವ ಮೇಸ್ತ್ರಿ ಬೇರಾರೂ ಅಲ್ಲ, ಹೆಂಡತಿಯ ತಮ್ಮನೇ. ಸೋಮವಾರ ಶುರು ಮಾಡು ಎಂದರು. "ಭಾವ, ನಿಮ್ಮ ಮುಖದಲ್ಲಿ ನಗು ನೋಡಿ ಎಷ್ಟು ದಿನ ಆಗಿತ್ತು!" ಎಂದ ಅವನು.

ಅಂದು ಸಂಜೆ ಆರಕ್ಕೇ ಮನೆಗೆ ಬಂದು, ಚಪ್ಪಲಿಯನ್ನು ನಿಂತೇ ಬಿಚ್ಚಿ, ಸೀದಾ ಅಡುಗೆಮನೆಗೆ ಹೋದರು. ಹೆಂಡತಿ ಒಲೆಯ ಮೇಲೆ ಹಾಲಿಟ್ಟಿದ್ದಳು.

"ಒಂದು ವಿಷಯ ಹೇಳ್ತೀನಿ, ಬೈಬಾರದು" ಎಂದರು. "ಈ ಬಾಟಲಿಗಳನ್ನೆಲ್ಲ ನಾನು ಬೇಕಂತಲೇ ಇಲ್ಲಿ ತಂದಿಡ್ತಿದ್ದೆ. ನೀನು ತುಂಬ್ತೀಯಾ ಇಲ್ವಾ ಅಂತ ನೋಡೋಕೆ."

ಆಕೆ ನಕ್ಕಳು. "ಅದು ಎರಡನೇ ಬಾಟಲೀಲೇ ಗೊತ್ತಾಯ್ತು. ಮೂವತ್ತೊಂದು ವರ್ಷದಲ್ಲಿ ಒಂದು ಲೋಟ ಎತ್ತಿಡದ ಮನುಷ್ಯ ಬಾಟಲಿ ತಂದಿಟ್ಟು, ಕಳ್ಳಬೆಕ್ಕಿನ ಹಾಗೆ ಇಣುಕಿ ಇಣುಕಿ ನೋಡಿದ್ರೆ ಗೊತ್ತಾಗಲ್ವೇನ್ರೀ? ನಿಮಗೆ ಬೇಕಾಗಿದೆ ಅಂತ ನಾನೂ ಜಿದ್ದಿಗೆ ಬಿದ್ದು ತುಂಬ್ತಿದ್ದೆ."

"ಸರಿ ಬಿಡು, ಈ ಸಲ ನಿನ್ನ ಜಿದ್ದು ನಡೀಲಿಲ್ಲ. ಸಹಿ ಹಾಕಿ ಬಂದೆ. ಸೋಮವಾರ ಅಚ್ಚು ಶುರು."

ಆಕೆಯ ನಗು ನಿಂತಿತು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಇವತ್ತೇ ಹಾಕಿಬಿಟ್ರಾ?"

"ಯಾಕೆ?"

"ಸೋಮವಾರಾನೇ ತುಂಬಿದ್ದೆ" ಎಂದಳು. "ತುಂಬಿ, ಆಮೇಲೆ ಚೆಲ್ಲಿ, ಒಣಗಿಸಿ ಇಟ್ಟೆ."

ಮೂವತ್ತೊಂದು ವರ್ಷದಲ್ಲಿ ಆಕೆಯ ಮೇಲೆ ಮುಚ್ಚಳಪ್ಪನವರಿಗೆ ಬಂದ ಕೋಪಗಳೆಲ್ಲ ಉಪ್ಪು ಹೆಚ್ಚಾಯಿತು, ಅಂಗಿ ಕಾಣೆಯಾಯಿತು ಎನ್ನುವ ಮಟ್ಟದವು. ಇದು ಬೇರೆ ಕೋಪ. ಯಾಕೆ ಎಂದು ಕಿರುಚಿದರು.

"ನಿಮ್ಮ ಮುಖ ನೋಡೋಕಾಗ್ಲಿಲ್ಲ ರೀ. ಸಾಕಾಗಿ ಹೋಯ್ತು ಅಂದ್ರಲ್ಲ ಅವತ್ತು, ತಟ್ಟೆ ಮುಂದೆ. ಇನ್ನೊಂದ್ಸಲ ಸೋತ್ರೆ ಈ ಮನುಷ್ಯ ಎದ್ದು ಕೂರಲ್ಲ ಅನ್ನಿಸ್ತು. ಯಂತ್ರ ಹೇಗೂ ಪಾಸು ಮಾಡಿದೆ ಅಂತ ತಮ್ಮ ಹೇಳಿದ್ದ, ನನ್ನದೇನು ದೊಡ್ಡದು ಅಂತ..."

"ತೋರಿಸು" ಎಂದರು ಮುಚ್ಚಳಪ್ಪನವರು.

ಆಕೆ ಕಿಟಕಿಯ ಅಂಚಿನಿಂದ ಬಾಟಲಿ ತೆಗೆದಳು. ಬೋಗುಣಿಗೆ ನೀರು ಬಿಟ್ಟು, ಅದರಲ್ಲಿ ಬಾಟಲಿಯನ್ನು ಅಡ್ಡ ಮಲಗಿಸಿ, ಮಗುವನ್ನು ಸ್ನಾನ ಮಾಡಿಸುವ ಹಾಗೆ ಒಂದು ಕೈಯಿಂದ ಮೆಲ್ಲಗೆ ಅತ್ತಿತ್ತ ಹೊರಳಿಸಿದಳು. ಅಡ್ಡ ಮಲಗಿದ ಬಾಟಲಿಯಲ್ಲಿ ಗೋಲಿ ಕೂರಲಿಲ್ಲ, ಬಿಲ್ಲೆ ಏಳಲಿಲ್ಲ. ಗುಳುಗುಳು ಎಂದು ಗಾಳಿ ಹೊರಬಿತ್ತು, ನೀರು ಒಳಹೋಯಿತು. ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ. ಯಂತ್ರದ ಹಿಡಿ ಬಾಟಲಿಯನ್ನು ನೆಟ್ಟಗೆ ಹಿಡಿಯುತ್ತದೆ, ಇಲ್ಲವೇ ಬೋರಲು. ಆರು ವರ್ಷದಲ್ಲಿ ಮುಚ್ಚಳಪ್ಪನವರ ಬುದ್ಧಿಯೂ ಆ ಹಿಡಿಯ ಹಾಗೇ ಆಗಿಬಿಟ್ಟಿತ್ತು. ಬಾಟಲಿಯನ್ನು ಮಲಗಿಸಬಹುದು ಎಂಬುದೇ ಅವರಿಗೆ ತೋಚಿರಲಿಲ್ಲ.

ಬಿಚ್ಚಿದ ಚಪ್ಪಲಿಯನ್ನೇ ಮೆಟ್ಟಿ, ತುಂಬಿದ ಬಾಟಲಿಯನ್ನು ಹಿಡಿದು ಹೊರಟರು. ಸೋಮವಾರದವರೆಗೆ ಸಮಯವಿದೆ, ಬೆಳಿಗ್ಗೆ ಹೋಗಿ ಎಂದು ಹೆಂಡತಿ ಹಿಂದಿನಿಂದ ಹೇಳಿದ್ದು ಕಿವಿಗೆ ಬೀಳಲಿಲ್ಲ. ಕಾರ್ಖಾನೆಯ ಅಂಗಳಕ್ಕೆ ಕಾಲಿಟ್ಟರೆ ಅಚ್ಚಿನ ಕೋಣೆಯ ದೀಪ ಉರಿಯುತ್ತಿತ್ತು, ಉಕ್ಕು ಕೊರೆಯುವ ಸದ್ದು ಬೀದಿಗೇ ಕೇಳುತ್ತಿತ್ತು.

"ನಿಲ್ಸೋ!" ಎಂದು ಬಾಗಿಲಿನಿಂದಲೇ ಕೂಗಿದರು.

ಬಾಮೈದ ಯಂತ್ರ ನಿಲ್ಲಿಸಿ ತಿರುಗಿದ. ಮುಖದ ತುಂಬ ಎಣ್ಣೆ, ಅದರ ಮೇಲೆ ನಗು. "ಸೋಮವಾರ ನೀವು ಬರೋದರೊಳಗೆ ಮುಗಿಸಿ ತೋರಿಸೋಣ ಅಂತಿದ್ದೆ ಭಾವ. ನಿಮಗೆ ಖುಷಿಯಾಗ್ಲಿ ಅಂತ."

ಅರ್ಧಕ್ಕಿಂತ ಹೆಚ್ಚು ಕೊರೆದಾಗಿತ್ತು. ಅಕ್ಕ ತಮ್ಮ ಇಬ್ಬರೂ ಒಂದೇ ಬಳ್ಳಿಯ ಕಾಯಿ. ಒಬ್ಬಳು ಕನಿಕರದಿಂದ ಮುಚ್ಚಿಟ್ಟಳು, ಇನ್ನೊಬ್ಬ ಕನಿಕರದಿಂದ ಕೊರೆದ. ಶತ್ರುಗಳಾಗಿದ್ದರೆ ಇಷ್ಟು ಕೆಡಿಸುತ್ತಿರಲಿಲ್ಲ ಎಂದು ಮುಚ್ಚಳಪ್ಪನವರಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮಾಲೀಕರ ಮಗಳು ಇನ್ನೂ ಕಚೇರಿಯಲ್ಲಿದ್ದಳು. ಕಾರ್ಖಾನೆ ಈಗ ಅವಳ ಕೈಯಲ್ಲಿತ್ತು. ಕೆಟ್ಟವಳಲ್ಲ, ಆದರೆ ಅವಳಿಗೂ ಶನಿವಾರದ ಸಂಜೆ. ಎಲ್ಲ ಕೇಳಿಸಿಕೊಂಡು, ಬಾಟಲಿಯನ್ನು ತಿರುಗಿಸಿ ನೋಡಿ ಹೇಳಿದಳು: "ಸರ್, ಯಂತ್ರ ಪಾಸು ಮಾಡಿದೆ. ಉಕ್ಕು ಕೊರೆದಾಯ್ತು. ಒಂದೊಂದೇ ಬಾಟಲಿ ಮಲಗಿಸಿಕೊಂಡು ಯಾವ ಕಳ್ಳ ಕೂರ್ತಾನೆ ಹೇಳಿ? ನಿಮಗೂ ಸಾಕಾಗಿದೆ. ಇಷ್ಟಕ್ಕೆ ಬಿಟ್ಟುಬಿಡೋಣ."

ಸುಳ್ಳು ಹೇಳಿ ಪ್ರಯೋಜನವಿಲ್ಲ, ಬಿಟ್ಟುಬಿಡುವ ಆಸೆ ಅವರಿಗೆ ಆಯಿತು. ಕುರ್ಚಿ ಮೆತ್ತಗಿತ್ತು. ತಲೆ ಒಂದು ಸಲ ಆಡಿಸಿದ್ದರೆ ಆರು ವರ್ಷದ ದಣಿವು ಅಲ್ಲಿಗೆ ಮುಗಿಯುತ್ತಿತ್ತು, ಯಾರೂ ಅವರನ್ನು ಕೇಳುತ್ತಿರಲಿಲ್ಲ.

"ಕಳ್ಳನಿಗೆ ಬೇರೆ ಕೆಲಸ ಇಲ್ಲ ಮೇಡಂ" ಎಂದರು ಕೊನೆಗೆ. "ನನ್ನ ಹೆಂಡತಿಗೆ ಇತ್ತು. ಒಲೆ ಮೇಲೆ ಹಾಲಿಟ್ಟು, ಅದು ಉಕ್ಕೋದರೊಳಗೆ ತುಂಬಿದಳು." ನಕ್ಷೆಯನ್ನು ಎಳೆದುಕೊಂಡು ತಮ್ಮ ಸಹಿಯ ಮೇಲೆ ಗೀಟು ಹಾಕಿದರು. ಪೆನ್ನು ಎರಡು ಸಲ ಬರೆಯಲಿಲ್ಲ, ಮೂರನೇ ಸಲ ಒತ್ತಿ ಎಳೆದರು. ಅವಳು ನಕ್ಷೆಯನ್ನು ಮಡಚಿ ಅವರ ಕೈಗೇ ವಾಪಸು ಕೊಟ್ಟಳು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು. ಮುಚ್ಚಳಪ್ಪನವರು ಕುರ್ಚಿಯಲ್ಲಿ ಕುಸಿದು ಕೂತರು. ಆಕೆ ಬಗ್ಗಿ ಚಪ್ಪಲಿ ಬಿಚ್ಚಲು ಬಂದಾಗ ಬೇಡವೆಂದು ಕಾಲು ಹಿಂದಕ್ಕೆ ತೆಗೆದುಕೊಂಡರು.

"ಹೇಳಬಾರದಿತ್ತು ನಾನು" ಎಂದಳು.

"ಹೇಳಿದ್ದು ತಪ್ಪಲ್ಲ ಕಣೇ. ಐದು ದಿನ ಹೇಳದೆ ಇದ್ದದ್ದು ತಪ್ಪು." ಕೋಪ ಇಳಿದಿತ್ತು, ದನಿಯಲ್ಲಿ ಸುಸ್ತು ಮಾತ್ರ ಉಳಿದಿತ್ತು. "ಇನ್ನೊಂದು ಮಾಡ್ತೀನಿ. ಎಂಟು ತಿಂಗಳಿದೆ. ಆದ್ರೆ ಮುಂದಿನ ಬಾಟಲಿ ತಂದಿಟ್ಟಾಗ ನನ್ನ ಮುಖ ನೋಡ್ಬೇಡ. ಬಾಟಲಿ ಮಾತ್ರ ನೋಡು. ಅಷ್ಟು ಮಾಡ್ತೀಯಾ?"

ಆಕೆ ನೆಲದ ಮೇಲೆ ಅವರ ಕಾಲ ಬಳಿಯೇ ಕೂತಳು.

"ಆಗಲ್ಲ ರೀ" ಎಂದಳು. "ಹೂಂ ಅಂತೀನಿ, ಆಮೇಲೆ ನೋಡಿಬಿಡ್ತೀನಿ. ಬೇರೆ ಯಾರನ್ನಾದ್ರೂ ಹುಡುಕಿ. ನಿಮ್ಮ ಬಗ್ಗೆ ಏನೂ ಅನ್ನಿಸದೇ ಇರೋರನ್ನ."

ಹದಿನೆಂಟು ಬಾಟಲಿ ಸೋತಾಗಲೂ ಮುಚ್ಚಳಪ್ಪನವರಿಗೆ ಹೀಗಾಗಿರಲಿಲ್ಲ. ಬಾಟಲಿ ಹೋದರೆ ಇನ್ನೊಂದು ಬರೆಯಬಹುದಿತ್ತು. ಇಂಥ ಕೈಯನ್ನು ಇನ್ನೆಲ್ಲಿ ಹುಡುಕುವುದು? ಅವರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಆಕೆ ಅವರನ್ನು ಕೇಳದೆಯೇ ಚಪ್ಪಲಿ ಬಿಚ್ಚಿದಳು, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು, ಮತ್ತು ಅವರು ಈ ಸಲ ಬೇಡ ಎನ್ನಲಿಲ್ಲ.