ಬೀಸುವ ಪದದ ಮೂರನೆಯ ಸಾಲು

ನನ್ನ ಹೆಂಡತಿಯ ಬಾಯಿಂದ ಅವಳ ತಾಯಿಯ ಹಾಡನ್ನು ಕಿತ್ತುಕೊಂಡವನು ನಾನು. ಆ ಹಾಡುವ ಹುಡುಗರಲ್ಲ — ನಾನು. ಇಷ್ಟು ವರ್ಷ ಅವಳು ಅವರನ್ನು ಬೈದಳು. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತ, ಹೌದು ಹೌದು ಅಂದೆ.

ಮುಂಬಯಿಯ ದಹಿಸರದಲ್ಲಿ ನನ್ನದೊಂದು ಅಂಗಡಿ ಇದೆ. ನಲ್ಲಿ, ಪೈಪು, ಬಾತ್‌ರೂಮಿನ ಸಾಮಾನು. ಬೆಳಗಾವಿ ಕಡೆಯಿಂದ ಒಂದು ಚೀಲ ಹಿಡಿದು ಬಂದವನು, ಬೇರೆಯವರ ಅಂಗಡಿಯ ಕಸ ಗುಡಿಸಿ ಕೊನೆಗೆ ಸ್ವಂತದ ಷಟರ್ ಎತ್ತಿದವನು. ಚೌಕಾಸಿಯೇ ನನ್ನ ವಿದ್ಯೆ. ನಮ್ಮ ಬಿಲ್ಡಿಂಗಿನಲ್ಲಿ ಯಾರು ಫ್ರಿಜ್ ಕೊಳ್ಳಲಿ, ಮದುವೆಗೆ ಹಾಲ್ ಗೊತ್ತುಮಾಡಲಿ, ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ. ಎಲ್ಲರಿಗೂ ನಾನು ಹೇಳುತ್ತ ಬಂದದ್ದು ಒಂದೇ: ಎಷ್ಟೇ ಮನಸ್ಸಿದ್ದರೂ ಎದ್ದು ಹೊರಟುಬಿಡಿ. ಹೊಸ್ತಿಲು ದಾಟುವುದರೊಳಗೆ ಹಿಂದಿನಿಂದ ಕೂಗುತ್ತಾರೆ. ಕೂಗಿಯೇ ಕೂಗುತ್ತಾರೆ. ಈ ಮಾತು ಸುಳ್ಳಲ್ಲ, ಈಗಲೂ ಬೇಕಾದರೆ ಬಜಾರಿನಲ್ಲಿ ಪ್ರಯೋಗ ಮಾಡಿ ನೋಡಿ. ಆದರೆ ಬಜಾರಿನಲ್ಲಿ ಮಾತ್ರ.

ನೀಲಾ — ನನ್ನ ಹೆಂಡತಿ — ವಿಜಯಪುರ ಜಿಲ್ಲೆಯವಳು. ಅವಳ ತಾಯಿ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳು ಇವಳಿಗೆ ಬಾಯಿಪಾಠ. ಮುಂಬಯಿಯ ಮನೆಯಲ್ಲಿ ಬೀಸುವ ಕಲ್ಲು ಎಲ್ಲಿಂದ ಬರಬೇಕು? ಆದರೂ ಬೆಳಿಗ್ಗೆ ಜೋಳದ ಹಿಟ್ಟು ನಾದುವಾಗ, ರೊಟ್ಟಿ ಬಡಿಯುವಾಗ, ಅವಳ ಗಂಟಲಿನಿಂದ ಆ ಪದ ತಾನಾಗಿ ಬರುತ್ತಿತ್ತು. ನಾನು ಅದನ್ನು ಕುಕ್ಕರಿನ ಸೀಟಿಯ ಹಾಗೆ, ಹೊರಗೆ ಹೋಗುವ ಲೋಕಲ್ಲಿನ ಸದ್ದಿನ ಹಾಗೆ ಕೇಳಿಸಿಕೊಳ್ಳುತ್ತಿದ್ದೆ. ಅಂದರೆ — ಕೇಳಿಸಿಕೊಳ್ಳುತ್ತಿರಲಿಲ್ಲ.

‘ಎರಿಮಣ್ಣು’ ಅನ್ನುವ ಬ್ಯಾಂಡನ್ನು ಮನೆಗೆ ತಂದವಳು ಮಗಳು ಪೂಜಾ. ಆಗ ಕಾಲೇಜಿನಲ್ಲಿದ್ದಳು. ಧಾರವಾಡ, ವಿಜಯಪುರದ ಕಡೆಯ ನಾಲ್ಕು ಹುಡುಗರು. ಗಿಟಾರು, ಡೋಲು, ದಮ್ಮಡಿ ಇಟ್ಟುಕೊಂಡು ನಮ್ಮ ಕಡೆಯ ಪದಗಳನ್ನು ಹಾಡುತ್ತಿದ್ದರು. ಪೂಜಾಳಿಗೆ ಅರ್ಧ ಅರ್ಥವಾಗುತ್ತಿತ್ತು, ತಾಳಕ್ಕೆ ತಲೆ ಆಡಿಸುತ್ತಿದ್ದಳು. ನೀಲಾ ಮಾತ್ರ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಅವರ ಎಲ್ಲ ಹಾಡನ್ನೂ ಕಲಿತಳು. ಆ ಹುಡುಗರು ಬೇರೆ ಬೇರೆ ದಾರಿ ಹಿಡಿಯುತ್ತಿದ್ದಾರೆ, ಇದೇ ಕಡೆಯ ತಿರುಗಾಟ, ಮುಂಬಯಿಯಲ್ಲಿ ಮುಗಿಸುತ್ತಾರೆ ಅನ್ನುವ ಸುದ್ದಿ ಬಂದಾಗ ಅವಳು ಒಂದು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಹೇಳಿದಳು:

“ನಾ ಸೊಲ್ಲಾಪುರಕ್ಕ ಹೋಗಾಕಿ. ಪುಣಾಕ್ಕೂ ಹೋಗಾಕಿ. ನೀವು ಬರ್ರಿ, ಬಿಡ್ರಿ.”

“ಮುಂಬೈಗೆ ಅವರೇ ಬರಾಕತ್ಯಾರಲ್ಲ?”

“ಬರಲಿ. ಮುಗಿಯೂದನ್ನ ಒಮ್ಮೆಲೇ ನೋಡಿದ್ರ ಎದಿ ಒಡೀತೈತಿ. ಸ್ವಲ್ಪ ಸ್ವಲ್ಪ ನೋಡತೀನಿ.”

ಐವತ್ತರ ಹತ್ತಿರದ ಹೆಂಗಸು, ಬುತ್ತಿ ಕಟ್ಟಿಕೊಂಡು, ಮಗಳನ್ನು ಕರೆದುಕೊಂಡು, ಹಾಡುವ ಹುಡುಗರ ಹಿಂದೆ ರೈಲು ಹತ್ತಿದಳು. ಬಿಲ್ಡಿಂಗಿನವರ ಮುಂದೆ ನಾನು ನಕ್ಕೆ. ಒಳಗೊಳಗೆ ಹೆಮ್ಮೆಯೂ ಇತ್ತು, ಅದನ್ನು ಯಾರಿಗೂ ಹೇಳಲಿಲ್ಲ — ಹೆಮ್ಮೆ ತೋರಿಸಿದರೆ ಬೆಲೆ ಏರುತ್ತದೆ ಅನ್ನುವ ಬುದ್ಧಿ.

ಸೊಲ್ಲಾಪುರದಲ್ಲಿ ಆಟ ಮುಗಿದ ಮೇಲೆ ಇವಳು ಸೀದಾ ಹೋಗಿ ಹಾಡುಗಾರನ ಎದುರು ನಿಂತಳಂತೆ. ಅವನ ಹೆಸರು ಮಲ್ಲು. ಪೂಜಾ ಆಮೇಲೆ ನಕ್ಕು ನಕ್ಕು ಹೇಳಿದಳು: “ಪಪ್ಪಾ, ಸಬ್ ಲೋಗ್ ಸೆಲ್ಫಿ ಕೇಳ್ತಾ ಇದ್ರು, ಮಮ್ಮಿ ಅವನಿಗೆ ಡಾಂಟ್ ದಿಯಾ!”

ಡಾಂಟ್ ಅಂದರೆ, ಬೈದದ್ದು ಇಷ್ಟು: “ತಮ್ಮಾ, ಬೀಸೂ ಪದಾ ಹಂಗ ಓಡಸಬಾರದು. ಕಲ್ಲು ತಿರಗಿದಂಗ ಹಾಡಬೇಕು. ನಿನ್ನ ಪದದಾಗ ಹಿಟ್ಟ ಬೀಳೂದಿಲ್ಲ ನೋಡು.”

ಆ ಹುಡುಗ ಸಿಟ್ಟಾಗಲಿಲ್ಲ. “ಹಂಗಾರ ನೀವ ಹಾಡಿ ತೋರಸ್ರಿ ಯವ್ವಾ,” ಅಂದ. ಇವಳು ಅಲ್ಲಿಯೇ, ಸಾಮಾನು ಕಟ್ಟುತ್ತಿದ್ದವರ ನಡುವೆ ನಿಂತು, ತಾಯಿಯ ಪದವನ್ನು ಮೊದಲಿಂದ ಕೊನೆತನಕ ಹಾಡಿದಳು. ಅವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಆಮೇಲೆ ಮಾತು ಕೊಟ್ಟ: ಮುಂಬಯಿಯ ಕೊನೆಯ ಆಟದ ಕೊನೆಯ ಹಾಡು ಇದೇ. ಮೊದಲ ನುಡಿ ಇವಳೇ ವೇದಿಕೆಗೆ ಬಂದು ಎತ್ತಬೇಕು. ಬ್ಯಾಂಡು ಒಡೆದರೂ ತಾನು ಮುಂದೆ ಎಲ್ಲಿ ಹಾಡಿದರೂ ಇದನ್ನು ಹಾಡುತ್ತೇನೆ.

ನೀಲಾ ಮನೆಗೆ ಬಂದು ನನಗೆ ಹೇಳಿದ್ದು ಕಿವಿಯಲ್ಲಿ ಹಾಗೇ ಇದೆ. “ಪೂಜಾಗ ಬರೂದಿಲ್ಲ. ನನ್ನ ಹಿಂದ ನಮ್ಮವ್ವನ ಪದಾ ಮುಗೀತು ಅಂದುಕೊಂಡಿದ್ನಿ. ಇನ್ನ ಚಿಂತಿಲ್ಲ, ಆ ಹುಡುಗನ ಬಾಯಾಗ ಉಳೀತೈತಿ.”

ಇಷ್ಟೇ ಅವಳು ಬೇಡಿದ್ದು. ನನ್ನ ತಲೆಯಲ್ಲಿ ಓಡಿದ್ದು ಬೇರೆ. ಸರಕು ನಮ್ಮದು, ಹೆಸರು ಅವರದು. ನಾಳೆ ಇದು ಸಿನಿಮಾಕ್ಕೆ ಹೋದರೆ? ಜಾಹೀರಾತಿಗೆ ಹೋದರೆ? ಬಾಯಿಮಾತಿನಲ್ಲಿ ಸಾಮಾನು ಕೊಟ್ಟು ಕೈಸುಟ್ಟುಕೊಂಡವನು ನಾನು. ನನ್ನ ಹೆಂಡತಿ ಮುಗ್ಧೆ, ನಾನಾದರೂ — ನೋಡಿ, ಇಲ್ಲಿಯೂ ಕಾರಣ ಕೊಡುವುದಕ್ಕೆ ಹೊರಟೆ. ಬೇಡ.

ಆಟದ ಹಿಂದಿನ ದಿನ ಹುಡುಗರು ಜೋಗೇಶ್ವರಿಗೆ ಬಂದಿಳಿದಿದ್ದರು. ಗುರುತಿನವರೊಬ್ಬರ ಸಣ್ಣ ಕಾರಖಾನೆಯ ಮಾಳಿಗೆ; ಕೆಳಗೆ ಯಂತ್ರದ ಸದ್ದು, ಮೇಲೆ ಇವರ ತಾಲೀಮು. ಮಾಲು ನೋಡಿ ಬರುತ್ತೇನೆ ಅಂತ ನೀಲಾಳಿಗೆ ಸುಳ್ಳು ಹೇಳಿ ಲೋಕಲ್ ಹಿಡಿದೆ. ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಆ ಪದ ಕೇಳಿಸಿತು. ಹುಡುಗ ನಿಧಾನ ಮಾಡಿದ್ದ, ಕಲ್ಲು ತಿರುಗಿದ ಹಾಗೆ ಹಾಡುತ್ತಿದ್ದ. ಪುಣೆಯ ಆಟಕ್ಕೆ ನಾನೂ ಹೋಗಿದ್ದೆ, ಅಲ್ಲಿ ನೀಲಾ ಅವನಿಗೆ ನನ್ನ ಗುರುತು ಮಾಡಿಸಿದ್ದಳು. ಕಂಡವನೇ ಎದ್ದು ನಿಂತ, ಕುರ್ಚಿ ಒರೆಸಿ ಕೊಟ್ಟ.

“ಬರ್ರಿ ಕಾಕಾ. ಯವ್ವಾ ಬರಲಿಲ್ಲೇನ್ರಿ?”

“ಅಕೀ ನಾಳೆ ಬರತಾಳ. ನಾ ಒಂದ್ ಮಾತು ಮುಗಿಸೂಣು ಅಂತ ಬಂದೆ. ಈ ಪದಾ ನಮ್ಮ ಅತ್ತಿದು. ಇದಕ್ಕೊಂದು ಏನರೆ ಠರಾವ ಆಗಬೇಕಲ್ಲ?”

ಅವನಿಗೆ ಅರ್ಥವಾಗಲಿಲ್ಲ. ನಾನು ಕೇಳುತ್ತಿರುವುದು ಹಣ ಅಂತ ಅರ್ಥವಾದಾಗ ಮುಖ ಕೆಂಪಾಯಿತು. “ಕಾಕಾ, ಹಾಲ್ ಬಾಡಿಗಿ ಹುಟ್ಟಿದ್ರ ಸಾಕಾಗೇತಿ ನಮಗ. ಯವ್ವ ಪ್ರೀತೀಲೆ ಕೊಟ್ಟಾರ.”

“ಪ್ರೀತಿ ಅಕೀದು. ವ್ಯವಹಾರ ನಂದು. ಒಪ್ಪಿದ್ರ ಹಾಡ್ರಿ. ಇಲ್ಲಂದ್ರ ಆ ರೆಕಾರ್ಡ್ ಅಳಿಸಿಬಿಡ್ರಿ, ಪದಾ ಬಿಟ್ಟಬಿಡ್ರಿ.”

ಅವನು ಫೋನ್ ತೆಗೆದ. ನನ್ನ ಕಣ್ಣ ಮುಂದೆಯೇ ಬೆರಳಾಡಿಸಿದ. “ನೋಡ್ರಿ ಕಾಕಾ, ಅಳಿಸೇನಿ,” ಅಂದ. ಅವನ ದನಿಯಲ್ಲಿ ಜಗಳವಿರಲಿಲ್ಲ. ನಾನು ಒಳಗೇ ನಕ್ಕೆ. ಯಾವ ಅಂಗಡಿಯವನೂ ಇದ್ದ ಒಂದೇ ಮಾಲನ್ನು ಎದುರಿಗೆ ಇಡುವುದಿಲ್ಲ, ಗೋಡೌನಿನಲ್ಲಿ ಇನ್ನೊಂದು ಇರುತ್ತದೆ — ಹಾಗಂದುಕೊಂಡೆ. ಎದ್ದು ಹೊರಟೆ.

ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದೆ. ಕೂಗುವುದಕ್ಕೆ ಅವರಿಗೂ ಸಮಯ ಕೊಡಬೇಕಲ್ಲ. ಸ್ವಲ್ಪ ಹೊತ್ತಿಗೆ ಮೇಲೆ ಡೋಲು ಶುರುವಾಯಿತು — ಬೇರೆ ಹಾಡು.

ಸಂಜೆಯೊಳಗೆ ಫೋನ್ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ನಾನೇ ಮಾಡಬಹುದಿತ್ತು. ಮೊದಲು ಫೋನ್ ಮಾಡಿದವನು ಸೋತ ಅನ್ನುವುದೂ ನಾನೇ ನಾಲ್ಕು ಜನಕ್ಕೆ ಕಲಿಸಿದ ಪಾಠ. ಅಡುಗೆಮನೆಯಲ್ಲಿ ನೀಲಾ ಬಿಸಿನೀರಿಗೆ ಮೆಣಸು ಹಾಕಿ ಕುಡಿಯುತ್ತಿದ್ದಳು, ಗಂಟಲು ಒಡೆಯಬಾರದು ಅಂತ. ನಾನು ಟಿವಿ ನೋಡುತ್ತ ಕೂತೆ.

ಮರುದಿನ ದಾದರಿನಲ್ಲಿ ಗಾಡಿ ಬದಲಿಸಿ ಆಟವಿದ್ದ ಮುಲುಂಡಿಗೆ ಹೋದೆವು. ನೀಲಾ ಇಳಕಲ್ ಸೀರೆ ಉಟ್ಟಿದ್ದಳು. ಹೊಸ ಹಸಿರು ಬಳೆ, ಎರಡೂ ಕೈತುಂಬ. “ಪದದಾಗ ಬಳಿ ಅದಾವ, ಕೈಯಾಗ ಬ್ಯಾಡೇನು?” ಅಂದಳು. ನೆರೆಮನೆಯ ಗುಜರಾತಿ ಹೆಂಗಸನ್ನೂ ಕರೆದುಕೊಂಡು ಬಂದಿದ್ದಳು. ಆಕೆಗೆ ಕನ್ನಡ ಒಂದಕ್ಷರ ಬಾರದು. ದಾರಿಯುದ್ದಕ್ಕೂ ಆಕೆಗೆ ಇವಳ ಹಿಂದಿ: “ಮೇರಾ ಮಾ ಕಾ ಗಾನಾ ಹೈ. ಮೈ ಪೆಹಲೇ ಬೋಲೇಗಾ, ಬಾದ್ ಮೇ ವೋ ಲಡಕಾ ಲೋಗ್.”

ಎರಡನೆಯ ಸಾಲಿನ ಅಂಚಿನ ಕುರ್ಚಿ ಆರಿಸಿ ಕೂತಳು, ಎದ್ದು ಹೋಗುವುದಕ್ಕೆ ಅನುಕೂಲ ಅಂತ. ಹಾಡುಗಳು ಒಂದೊಂದಾಗಿ ಮುಗಿದವು. ಕೊನೆಯ ಹಾಡಿಗೆ ಮುಂಚೆ ದೀಪ ಆರಿಸುವುದು ಆ ಬ್ಯಾಂಡಿನ ರೂಢಿ. ದೀಪ ಆರಿತು. ಕತ್ತಲಲ್ಲಿ ಪಕ್ಕದಲ್ಲಿ ಬಳೆ ಸದ್ದಾಯಿತು. ಅವಳು ಸೆರಗು ಸರಿಮಾಡಿಕೊಂಡು ಅರ್ಧ ಎದ್ದಿದ್ದಳು. ಆ ಗಳಿಗೆಯಲ್ಲಿ ನಾನು ದೇವರನ್ನು ಬೇಡಿಕೊಂಡೆ — ಹಾಡಲಿ, ನನಗೇನೂ ಬೇಡ, ಹಾಡಿಬಿಡಲಿ. ತೀರಾ ತಡವಾಗಿ ಬೆಲೆ ಇಳಿಸಿದ್ದೆ.

ಬೇರೆ ಹಾಡು ಶುರುವಾಯಿತು. ಅವಳು ತಪ್ಪು ತಿಳಿದಳೋ ಏನೋ, ಇನ್ನೊಂದಿದೆ ಅಂದುಕೊಂಡಳೋ, ಹಾಗೇ ಅರ್ಧ ಎದ್ದವಳು ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಕೂತಳು. ದೀಪ ಬಂತು. ಹುಡುಗರು ಅಳುತ್ತ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಜನ ಎದ್ದು ಚಪ್ಪಾಳೆ ತಟ್ಟಿದರು. ನಿಮ್ಮ ಹಾಡು ಯಾವುದಾಗಿತ್ತು ಅಂತ ಗುಜರಾತಿ ಹೆಂಗಸು ಕೇಳಿದಳು: “ಆಪಕಾ ವಾಲಾ ಕೌನಸಾ ಥಾ?”

ನೀಲಾ ಎದ್ದು ವೇದಿಕೆಯ ಹಿಂದೆ ಹೋದಳು. ಅವಳ ಪರ್ಸು ಹಿಡಿದುಕೊಂಡು ನಾನು ಹಿಂದೆ ಹೋದೆ.

“ಯಾಕೋ ತಮ್ಮಾ? ಕರೀಲಿಲ್ಲ?”

ಮಲ್ಲು ಅವಳ ಹೆಗಲ ಮೇಲಿನಿಂದ ನನ್ನನ್ನು ನೋಡಿದ. ನಾನು ಈಗಲಾದರೂ ಬಾಯಿ ಬಿಡಬಹುದು ಅಂತ ಕಾದನೋ ಏನೋ. ಆಮೇಲೆ ಬಗ್ಗಿ ಅವಳ ಕಾಲು ಮುಟ್ಟಿದ.

“ತಪ್ಪಾತ್ರಿ ಯವ್ವಾ. ಮರತ್ವಿ.”

“ಮರತ್ರಿ? ನಮ್ಮವ್ವನ ಪದಾ ಅಂದ್ರ ಚಹಾಕ್ಕ ಸಕ್ರಿ ಹಾಕೂದು ಮರತಂಗೇನೋ? ಊರ ಮುಂದ ಎಬ್ಬಿಸಿ ಕುಂಡ್ರಿಸಿದ್ಯಲ್ಲ! ನಿನ್ನ ಹಡದಾಕಿ ಇಲ್ಲಿ ಕುಂತಿದ್ರ ಮರೀತಿದ್ದೇನು? ಇನ್ನ ನಾ ಯಾರ ಮುಂದೂ ಬಾಯಿ ತಗಿಯಂಗಿಲ್ಲ, ಹೋಗು.”

ಅವನು ತಲೆ ತಗ್ಗಿಸಿಯೇ ನಿಂತಿದ್ದ. ಒಂದು ಮಾತು ಆಡಿದ್ದರೆ ಸಾಕಿತ್ತು — ಕಾಕಾನ್ನ ಕೇಳ್ರಿ. ಆಡಲಿಲ್ಲ. ಒಬ್ಬ ಗಂಡ ಹೆಂಡತಿಯ ಮುಂದೆ ಸಣ್ಣವನಾಗಬಾರದು ಅಂತ ಆ ಮಗನ ವಯಸ್ಸಿನ ಹುಡುಗ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡ. ನಾನು ಏನು ಮಾಡಿದೆ? ನೀಲಾಳ ಭುಜ ಹಿಡಿದು ಅಂದೆ —

“ಹೋಗ್ಲಿ ಬಿಡು. ಕಲಾವಿದರಂದ್ರ ಹಿಂಗ. ಮಾತಿಗೆ ಕಿಮ್ಮತ್ತಿಲ್ಲ ಇವರ ಕಡೆ.”

ನನ್ನ ಆಯುಷ್ಯದಲ್ಲಿ ಸುಳ್ಳು ಹೇಳಿ ಮಾಲು ಮಾರಿದ್ದೇನೆ, ಅದನ್ನೆಲ್ಲ ದೇವರು ನೋಡಿಕೊಳ್ಳಲಿ. ಈ ಒಂದು ಮಾತಿಗೆ ಮಾತ್ರ —

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಷ್ಟೇ ಬಂತು. ನಾಲ್ಕು ದಿನ ಸಿಟ್ಟು, ಆಮೇಲೆ ಸರಿಹೋಗುತ್ತದೆ ಅಂದುಕೊಂಡೆ. ವರ್ಷಗಳು ಹೋದವು. ಪೂಜಾಳ ಮದುವೆಯಲ್ಲಿ ಹೆಂಗಸರು ಎಷ್ಟು ಒತ್ತಾಯಿಸಿದರೂ ಇವಳು ಬಾಯಿ ತೆರೆಯಲಿಲ್ಲ. ಪದ ಬಿಟ್ಟರೆ ಉಳಿದದ್ದೆಲ್ಲ ಮಾಮೂಲು — ನಗುತ್ತಾಳೆ, ತರಕಾರಿ ಮಾರುವ ಭಾಜಿವಾಲನ ಜೊತೆ ಜಗಳಾಡುತ್ತಾಳೆ, ನನ್ನ ಬಿಪಿ ಗುಳಿಗೆ ನೆನಪಿಸುತ್ತಾಳೆ. ಅದಕ್ಕೇ ನನಗೆ ಸುಮ್ಮನಿರುವುದು ಸುಲಭವಾಯಿತು.

ಈ ವರ್ಷ ಪೂಜಾಳಿಗೆ ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ಪೂಜಾ ಕೇಳಿದಳು: “ಮಮ್ಮೀ, ನಾನಿ ವಾಲಾ, ಅಜ್ಜಿ ಪದಾ ಹಾಡು ನಾ. ಮೈ ರೆಕಾರ್ಡ್ ಕರ್ತೀ ಹೂಂ.” ನೀಲಾ ತೊಟ್ಟಿಲ ಹಗ್ಗ ಹಿಡಿದಳು. ತುಟಿಗಳು ಅಲುಗಿದವು. “ಬರವಲ್ದವಾ,” ಅಂದಳು. ಸಿಟ್ಟಿನಿಂದಲ್ಲ. ಗಾಬರಿಯಿಂದ. ಹುಡುಕಿದ್ದಳು, ಅಲ್ಲಿ ಇರಲಿಲ್ಲ.

ಪೂಜಾ ಮೊಬೈಲಿನಲ್ಲಿ ಯಾವುದೋ ಜೋಗುಳ ಹಚ್ಚಿದಳು.

ಅಂಗಡಿಗೆ ಹೋಗಿ ಮಲ್ಲುವಿನ ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದವನು ಯಾರೋ ಬೇರೆ, ರಾಂಗ್ ನಂಬರ್ ಅಂದ. ಆ ಹುಡುಗರ ವಿಷಯ ಗೊತ್ತಿರಬಹುದಾದವರನ್ನೆಲ್ಲ ಕೇಳಿದೆ. ಮಲ್ಲು ಹಾಡು ಬಿಟ್ಟು ಎಲ್ಲಿಗೋ ಹೋದ ಅನ್ನುವುದಷ್ಟೇ ಸಿಕ್ಕಿತು. ಗೋಡೌನಿನಲ್ಲಿ ಇನ್ನೊಂದು ಇರಲಿಲ್ಲ.

ಆ ವಾರವೇ ನೀಲಾಳಿಗೆ ಹೇಳಿದೆ. ಜೋಗೇಶ್ವರಿಯ ಮಾಳಿಗೆ, ಅಳಿಸಿದ ಫೋನು, ಬೂಟಿನ ಲೇಸು, ಎಲ್ಲ. ಬೈಯುತ್ತಾಳೆ, ಬೈದರೆ ಹಗುರಾಗುತ್ತೇನೆ ಅನ್ನುವ ಲೆಕ್ಕ ಅಲ್ಲೂ ಇತ್ತು, ಮುಚ್ಚಿಡುವುದಿಲ್ಲ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. ಒಂದೇ ಮಾತು ಕೇಳಿದಳು:

“ಆ ಹುಡುಗಗ ನಾ ಅಷ್ಟ ಅಂದೆನಲ್ರೀ... ಅದನ್ನ ಹೆಂಗ ತಿರುಗಿ ತಗೊಳ್ಳಿ?”

ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಅವಳ ಮುಂದಿನ ಸೊಪ್ಪನ್ನು ಎಳೆದುಕೊಂಡು ಬಿಡಿಸುತ್ತ ಕೂತೆ.

ಈಗ ಅವಳು ಬೆಳಿಗ್ಗೆ ಹಿಟ್ಟು ನಾದುವಾಗ ಪ್ರಯತ್ನ ಮಾಡುತ್ತಾಳೆ. ನನಗಾಗಿ ಅಲ್ಲ, ಮೊಮ್ಮಗಳಿಗಾಗಿ. ಆ ಪದಗಳ ಒಂದೊಂದು ನುಡಿಗೂ ಮೂರು ಮೂರೇ ಸಾಲು. ಇಡೀ ಹಾಡಿನಲ್ಲಿ ಅವಳಿಗೆ ಉಳಿದಿರುವುದು ಇಷ್ಟು:

ಕೈಬಳಿ ಸದ್ದೀಗಿ ಕೂಸೆದ್ದು ಅತ್ತೀತ
ಕೈ ತಡೆದು ಬೀಸಿದರ ಹಿಟ್ಟಾದೀತ —

ಅಲ್ಲಿಗೆ ನಿಲ್ಲುತ್ತಾಳೆ. ಮತ್ತೆ ಮೊದಲಿಂದ ಎತ್ತುತ್ತಾಳೆ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾಳೆ. ನಾನು ಹೊರಗಿನ ಕೋಣೆಯಲ್ಲಿ ಕೂತು ಕಾಯುತ್ತೇನೆ. ಮದುವೆಯಾದಾಗಿನಿಂದ ಆ ರಾತ್ರಿಯತನಕ ಪ್ರತಿ ಬೆಳಿಗ್ಗೆ ಆ ಮೂರನೆಯ ಸಾಲು ನನ್ನ ಕಿವಿಗೆ ಬಿದ್ದದ್ದೇ. ಅವಳು ಒಮ್ಮೆ ಬಾಗಿಲಿಗೆ ಬಂದು, ಹಿಟ್ಟಿನ ಕೈಯಲ್ಲೇ ನಿಂತು, ನನ್ನ ಕಡೆ ನೋಡಿದಳು — ನಿಮಗರೆ ನೆನಪೈತೇನು ಅನ್ನುವ ಹಾಗೆ.

ನನಗೆ ನೆನಪಿಲ್ಲ.