ಹಾವೇರಿ ಮುಟ್ಟೇನಿ ಅಂದ ಕಾಕಾ

ನಮ್ಮ ಕಡೆ ಫೋನಿನಲ್ಲಿ ‘ಎಲ್ಲಿ ಅದೀರಿ’ ಎಂದು ಕೇಳಿದರೆ ‘ಬಂದೇಬಿಟ್ಟೆ’ ಎನ್ನಬೇಕು. ಇನ್ನೂ ಮನೆಯಲ್ಲೇ ಗಡ್ಡ ಮಾಡಿಕೊಳ್ಳುತ್ತಿದ್ದರೂ ಸರಿ. ಅದು ಸುಳ್ಳಲ್ಲ, ಮರ್ಯಾದೆ. ಎಂ.ಟೆಕ್‌ನಲ್ಲಿ ನಾನು ಮಾಡಿದ ಪ್ರಾಜೆಕ್ಟ್ ಈ ಮರ್ಯಾದೆಗೇ ಕೊಡಲಿ ಹಾಕೀತೆಂದು ಹೊಳೆದಿರಲೇ ಇಲ್ಲ.

ಆಗ ಊರಿಗೊಂದೆರಡೇ ಟವರು. ಕಿಸೆಯಲ್ಲಿನ ಮೊಬೈಲು ತಾನು ಯಾವ ಟವರಿನ ಹತ್ತಿರ ಇದೆಯೋ ಅದರ ನಂಬರನ್ನು ತಾನೇ ಮೆಸೇಜು ಮಾಡಬೇಕು. ನನ್ನ ಕಂಪ್ಯೂಟರು ಊರಿನ ಹೆಸರು ತೋರಿಸಬೇಕು. ಆ ನಂಬರುಗಳಿಗಾಗಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂದು ಬಸ್ಸಿನಲ್ಲಿ ತಿರುಗಿದ್ದೇ ತಿರುಗಿದ್ದು. ಕಿಟಕಿಗೆ ಮೊಬೈಲು ಹಿಡಿದು ಪಟಪಟ ಬರೆದುಕೊಳ್ಳುವ ನನ್ನನ್ನು ನೋಡಿ ಕಂಡಕ್ಟರು, ‘ತಂಗಿ, ನೀ ಚೆಕಿಂಗ್‌ನವ್ರ ಪೈಕಿ ಏನು?’ ಎಂದು ಕೇಳಿದ್ದ. ಹೌದೆನ್ನಬೇಕೆನಿಸಿತ್ತು! ಆಗೆಲ್ಲ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಪರೀಕ್ಷೆಯ ದಿನ ಮೊಬೈಲು ಕಾಕಾನ ಕೈಯಲ್ಲಿತ್ತು. ಅಪ್ಪನ ತಮ್ಮನಾದ ಅವನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಅವನು ಹಾವೇರಿಯ ನಮ್ಮ ಕಾಲೇಜಿಗೆ ಬರುತ್ತ ಬರುತ್ತ ತೆರೆಯ ಮೇಲೆ ಊರು ಬದಲಾಗಬೇಕು. ಹೊರಗಿನಿಂದ ಬಂದ ಪರೀಕ್ಷಕರು ಕುಳಿತರು. ತೆರೆ ‘ಬ್ಯಾಡಗಿ’ ಎಂದಿತು. ಅರ್ಧ ತಾಸು ಕಳೆದರೂ ‘ಬ್ಯಾಡಗಿ’. ಅವರು ನನ್ನಿಂದ ಸ್ಪೀಕರ್ ಹಾಕಿಸಿ ಫೋನು ಮಾಡಿಸಿದರು.

‘ಕಾಕಾ, ಎಲ್ಲಿ ಅದೀ?’

‘ಹಾವೇರಿ ಮುಟ್ಟೇನಿ ನೋಡವಾ, ಐದ ಮಿನಿಟು!’

‘ನಿಮ್ಮ ಯಂತ್ರ ತಪ್ಪು ಹೇಳ್ತಿದೆಯಲ್ಲಮ್ಮ,’ ಎಂದು ಪರೀಕ್ಷಕರು ಪೆನ್ನು ತೆಗೆದರು. ಎರಡು ವರ್ಷದ ಓದು ನೀರಲ್ಲಿ ಮಾಡಿದ ಹೋಮವಾಗುವುದರಲ್ಲಿತ್ತು. ಆದರೂ ಎತ್ತಿ ಆಡಿಸಿದ ಕಾಕಾನನ್ನು ಪರರ ಮುಂದೆ ಸುಳ್ಳ ಎನ್ನಲು ನನಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಫೋನಿನೊಳಗೆ ಯಾರೋ ಸೀನಿದರು. ಇನ್ನೊಬ್ಬರು ಸೀನಿದರು. ಮೆಣಸಿನಕಾಯಿ ಚೀಲ ಸುರುವಿದ ಸಪ್ಪಳ, ಆಮೇಲೆ ಇಡೀ ಮಾರುಕಟ್ಟೆಯೇ ಆಕ್ಷೀ, ಆಕ್ಷೀ!

‘ಹಾವೇರೀಲಿ ಎಲ್ಲರಿಗೂ ನೆಗಡಿನಾ?’ ಎಂದರು ಪರೀಕ್ಷಕರು, ಮುಖ ಗಂಟಿಕ್ಕಿಕೊಂಡೇ. ನನಗೆ ನಗು ಉಕ್ಕಿ ಬಂದು ಕಣ್ಣಲ್ಲಿ ನೀರಾಡಿತು. ನಗುತ್ತಲೇ ಕೂಗಿದೆ: ‘ಕಾಕಾ, ಸರ್ ಕೇಳಾಕತ್ತಾರ. ಖರೇ ಹೇಳು, ಇಲ್ಲಂದ್ರ ನಾ ನಪಾಸು!’

ಊರಿಗೆಲ್ಲ ಮಾತಿಗೆ ತಪ್ಪದವನೆಂದು ಹೆಸರಾದ ಕಾಕಾ ಗಂಟಲು ಸರಿಮಾಡಿಕೊಂಡ.

‘ಇನ್ನೂ ಬ್ಯಾಡಗ್ಯಾಗ ಅದೀನ್ರಿ ಸಾಹೇಬ್ರ. ಸುಳ್ಳು ನಾ ಹೇಳೇನ್ರಿ, ನಮ್ಮ ಹುಡುಗಿ ಮಶೀನು ಹೇಳಿಲ್ಲ.’