ಗೆರೆಯಣ್ಣ ಅಳಿಸಿದ ಗುರುತು

ಟೆನಿಸ್ ಕ್ಲಬ್ಬಿನ ಮಣ್ಣಿನ ಅಂಕಣಗಳನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಬೆಳಗಾಗುತ್ತಲೇ ನೀರು ಚಿಮುಕಿಸಿ, ರೋಲರ್ ಎಳೆದು, ಹಗ್ಗ ಬಿಗಿದು ಸುಣ್ಣದಲ್ಲಿ ಗೆರೆ ಹಾಕುವುದು ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. ಚೆಂಡು ಗೆರೆಯ ಮೇಲೆ ಬಿತ್ತೋ ಆಚೆ ಬಿತ್ತೋ ಎಂಬ ತಕರಾರು ಎದ್ದರೆ ವಕೀಲರೂ ಡಾಕ್ಟರರೂ ಜಗಳ ನಿಲ್ಲಿಸಿ ಅವನ ಕಡೆ ತಿರುಗುತ್ತಿದ್ದರು. ಅವನು ಮಂಡಿಯೂರಿ, ಮಣ್ಣಿನ ಮೇಲಿನ ಗುರುತು ನೋಡಿ ಹೇಳಿದ್ದೇ ಕೊನೆಯ ಮಾತು.

ಅವನಿಗೊಂದು ಹುಚ್ಚಿತ್ತು. ಹಿಂದಿನ ಗೆರೆಯ ಬಳಿಯೇ ನಿಂತು ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವ ಆಟಗಾರರೆಂದರೆ ಪ್ರಾಣ. ಬಲೆಯ ಹತ್ತಿರ ಓಡಿಬಂದು ಒಂಟಿ ಕೈ ಬೀಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಆದರೆ ಹಿಂದೆ ನಿಂತು, ಭುಜದ ಮಟ್ಟಕ್ಕೆ ಪುಟಿದು ಬರುವ ಚೆಂಡನ್ನು ಗಂಟೆಗಟ್ಟಲೆ ಒಂದೇ ಕೈಯಲ್ಲಿ ತಡೆದುಕೊಳ್ಳುವುದಕ್ಕೆ ಎಂಟೆದೆ ಬೇಕು ಎನ್ನುತ್ತಿದ್ದ. ರೋಲರ್ ಇಡುವ ಶೆಡ್ಡಿನ ಗೋಡೆಯ ತುಂಬ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಚಿತ್ರಗಳು. ಪರದೇಶದ ಹೆಸರುಗಳು ನಾಲಿಗೆಗೆ ಒಗ್ಗದ್ದರಿಂದ ತಾನೇ ನಾಮಕರಣ ಮಾಡಿದ್ದ. ಮಣ್ಣಿನ ಮೇಲೆ ರ‍್ಯಾಕೆಟ್ಟಿನಿಂದ ಹೃದಯ ಬರೆದವನು ಗುಂಗುರಪ್ಪ, ಚೌಕುಳಿ ಚಡ್ಡಿ ತೊಟ್ಟೇ ದೊಡ್ಡ ಕಪ್ ಎತ್ತಿದವನು ಭುಜದಪ್ಪ, ತನಗಿಂತ ಒಂದು ತಲೆ ಎತ್ತರದವರನ್ನೆಲ್ಲ ಓಡಾಡಿಸಿ ಸುಸ್ತು ಮಾಡಿದವಳು ಗಿಡ್ಡಕ್ಕ. ಇವರಲ್ಲಿ ಯಾರು ಹೆಚ್ಚು ಎಂದು ಬಾಯಿತಪ್ಪಿ ಕೇಳಿದರೆ ಮುಗಿಯಿತು, ಕೇಳಿದವರ ಟೀ ತಣ್ಣಗಾಗುವವರೆಗೂ ಬಿಡುತ್ತಿರಲಿಲ್ಲ.

ಅವನ ಮಗಳು ಮಾತ್ರ ಎರಡು ಕೈಯಲ್ಲಿ ಆಡುತ್ತಿದ್ದಳು. ಆರನೇ ವಯಸ್ಸಿನಲ್ಲಿ ಭಾರದ ರ‍್ಯಾಕೆಟ್ ಎತ್ತಲಾಗದೆ ಎರಡೂ ಕೈಯಲ್ಲಿ ಹಿಡಿದವಳು ಹಾಗೇ ಉಳಿದುಬಿಟ್ಟಳು. ಈಗ ಅವಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ; ಸಂಜೆಯಾದರೆ ಕ್ಲಬ್ಬಿಗೆ ಬರುತ್ತಿದ್ದಳು. ಸಾಯುವ ಚೆಂಡಿಗೂ ಜೀವ ಕೊಟ್ಟು ಹಿಂದಿರುಗಿಸುವ ಹಟದ ಆಟ ಅವಳದು. ಬಾವಿಯಿಂದ ನೀರು ಸೇದಿದ ಹಾಗೆ ಹೊಡೆಯುತ್ತಾಳೆ ಎಂದು ಅವನು ನಾಲ್ಕು ಜನರ ಮುಂದೆ ತಮಾಷೆ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು.

ಆ ವರ್ಷ ಕ್ಲಬ್ಬಿನ ಮಹಿಳೆಯರ ಫೈನಲ್‌ಗೆ ಅವಳು ಬಂದಳು. ಎದುರಾಳಿ ಔಷಧಿ ಅಂಗಡಿಯಾಕೆ; ಆಕೆಯದು ಅಪ್ಪಟ ಒಂಟಿ ಕೈ. ತೀರ್ಪುಗಾರರಾಗಿ ಬರಬೇಕಿದ್ದವರು ಜ್ವರ ಹಿಡಿದು ಮಲಗಿದ್ದರು. ಕ್ಲಬ್ಬಿನ ಕಾರ್ಯದರ್ಶಿ ದಿಕ್ಕು ತೋಚದೆ ನಿಂತಿದ್ದಾಗ ಔಷಧಿ ಅಂಗಡಿಯಾಕೆಯೇ, ಗೆರೆಯಣ್ಣನೇ ಕೂರಲಿ, ಅವರ ಕಣ್ಣಿನ ಮೇಲೆ ನನಗೆ ನಂಬಿಕೆಯಿದೆ ಎಂದಳು.

ಆಟ ಮೂರನೇ ಸೆಟ್ಟಿಗೆ ಹೋಯಿತು. ಔಷಧಿ ಅಂಗಡಿಯಾಕೆ ಹಿಂದಿನ ಗೆರೆಯಿಂದ ಎರಡು ಹೆಜ್ಜೆ ಆಚೆ ನಿಂತು, ಬೆನ್ನು ತಿರುಗಿಸಿ, ತೋಳನ್ನು ಪೂರ್ತಿ ಬಿಚ್ಚಿ ಹೊಡೆದ ಒಂದು ಹೊಡೆತಕ್ಕೆ ಅವನು ಅಂಕ ಹೇಳುವುದನ್ನೇ ಮರೆತು ಕುಳಿತ. ಗೋಡೆಯ ಮೇಲಿನ ಚಿತ್ರಗಳು ತನ್ನದೇ ಮಣ್ಣಿಗೆ ಇಳಿದು ಬಂದಂತಿತ್ತು. ಅಷ್ಟರಲ್ಲಿ ಮಗಳು ಐದು–ನಾಲ್ಕರಿಂದ ಮುಂದಾಗಿ, ಗೆಲುವಿಗೆ ಒಂದೇ ಅಂಕದ ದೂರಕ್ಕೆ ಬಂದಳು. ಎರಡೂ ಕೈಯಿಂದ ಪಕ್ಕದ ಗೆರೆಯುದ್ದಕ್ಕೂ ಚೆಂಡು ಬೀಸಿದಳು. ಅದು ಗೆರೆಯ ಅಂಚಿಗೆ ಬಿತ್ತು. ಔಷಧಿ ಅಂಗಡಿಯಾಕೆ ಗುರುತು ನೋಡುವಂತೆ ಕೇಳಿಕೊಂಡಳು.

ಅವನು ಕುರ್ಚಿಯಿಂದಿಳಿದು ಹೋಗಿ ಬಗ್ಗಿದ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಗುರುತಿನ ಒಂದು ತುದಿ ಸುಣ್ಣವನ್ನು ಕಚ್ಚಿತ್ತು. ಒಳಗೆ ಎಂದರೆ ಆಟ ಅಲ್ಲಿಗೆ ಮುಗಿಯುತ್ತಿತ್ತು, ಆ ಒಂಟಿ ಕೈಯ ಹೊಡೆತ ಮತ್ತೆ ಕಾಣುತ್ತಿರಲಿಲ್ಲ. ಅವನು ಬೂಟಿನಿಂದ ಗುರುತನ್ನು ಒರೆಸಿ, ಔಟ್ ಎಂದ. ಮಗಳು ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ತಿರುಗಿ ತನ್ನ ಜಾಗಕ್ಕೆ ಹೋದಳು. ಐದು–ಏಳರಿಂದ ಸೋತಳು.

ಚಪ್ಪಾಳೆ ಬಿದ್ದದ್ದು ಗೆದ್ದವಳಿಗಿಂತ ಹೆಚ್ಚಾಗಿ ಅವನಿಗೆ. ಹೆತ್ತ ಮಗಳೆಂದೂ ನೋಡಲಿಲ್ಲ, ಇಂಥವರು ಎಲ್ಲಿ ಸಿಗುತ್ತಾರೆ ಎಂದು ಕಾರ್ಯದರ್ಶಿ ಬೆನ್ನು ತಟ್ಟಿದ. ವಾರ್ಷಿಕ ಸಭೆಯಲ್ಲಿ ಫಲಕ ಕೊಡುವುದೆಂದು ತೀರ್ಮಾನವಾಯಿತು. ಹೊಗಳಿದವರ ಕಣ್ಣು ತಪ್ಪಿಸಲು ಗೆರೆಯಣ್ಣ ಬೇಲಿಯ ಪಕ್ಕದಲ್ಲೇ ಓಡಾಡತೊಡಗಿದ. ಶೆಡ್ಡಿನಲ್ಲಿ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದ. ಊಟ ಸೇರದಿರುವುದನ್ನು ಕಂಡು ಹೆಂಡತಿ ಡಾಕ್ಟರ ಹತ್ತಿರ ಹೋಗೆಂದು ಪೀಡಿಸಿದಳು.

ಸಭೆಗೆ ಎರಡು ದಿನವಿದೆ ಎನ್ನುವಾಗ ಮಧ್ಯಾಹ್ನ ಮಗಳ ಲ್ಯಾಬಿಗೆ ಹೋದ. ಅವಳು ಒಬ್ಬಳೇ ಕುಳಿತು ಗಾಜಿನ ನಳಿಕೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಚೆಂಡು ಒಳಗೇ ಬಿದ್ದಿತ್ತು ಎಂದು ಅವನು ಹೇಳಿದ.

"ಗೊತ್ತು," ಎಂದಳು. "ಸುಣ್ಣ ಹಾರಿದ್ದು ನಂಗೂ ಕಾಣಿಸ್ತು. ಮಗಳ ಪಕ್ಷ ವಹಿಸಿದ ಅಂತ ಜನ ಆಡಿಕೊಳ್ತಾರೆ, ಅದಕ್ಕೆ ಹೆದರಿದೀಯ ಅಂದ್ಕೊಂಡು ಸುಮ್ಮನಾದೆ."

ಆ ನೆಪವನ್ನು ಹಿಡಿದುಕೊಂಡು ಅವನು ಎದ್ದು ಬರಬಹುದಿತ್ತು.

"ಅದಲ್ಲ ಮಗಳೇ. ಆಕೆ ಹೊಡೆತ ಇನ್ನೊಂದಷ್ಟು ಹೊತ್ತು ನೋಡಬೇಕು ಅನ್ನಿಸ್ತು."

ಅವಳು ಚೀಟಿಯನ್ನು ಸೊಟ್ಟಗೆ ಅಂಟಿಸಿದಳು. ಕಿತ್ತು, ನೆಟ್ಟಗೆ ಅಂಟಿಸಿದಳು.

"ಆರನೇ ವರ್ಷದಿಂದ ನಿನ್ನ ಕಣ್ಣೆದುರೇ ಆಡ್ತಿದೀನಿ ಅಪ್ಪ. ನಂದು ಒಂದು ಹೊಡೆತಾನಾದ್ರೂ ಹಾಗೆ ನೋಡಿದೀಯಾ?"

ಅಷ್ಟರಲ್ಲಿ ಯಾರೋ ರಕ್ತ ಕೊಡಲು ಬಂದರು. ಅವಳು ಎದ್ದು ಕೈಗವಸು ಹಾಕಿಕೊಂಡಳು.

ಸಭೆಯಲ್ಲಿ ಫಲಕಕ್ಕೆ ಹೆಸರು ಕೂಗಿದಾಗ ಗೆರೆಯಣ್ಣ ಎದ್ದು ನಿಂತು, ಗುರುತು ಒಳಗಿತ್ತು, ಬೇಕೆಂದೇ ಅಳಿಸಿದೆ, ಕಾರಣ ಇಂಥದ್ದು ಎಂದು ಒಂದನ್ನೂ ಮುಚ್ಚಿಡದೆ ಹೇಳಿದ. ಕಾರ್ಯದರ್ಶಿ, ಫಲಕದ ಮೇಲೆ ಅಕ್ಷರ ಕೆತ್ತಿಸಿ ಆಗಿದೆಯಲ್ಲ ಎಂದಷ್ಟೇ ಗೊಣಗಿದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಔಷಧಿ ಅಂಗಡಿಯಾಕೆ ನಗಲಿಲ್ಲ. ಮರುದಿನ ತಾನು ಗೆದ್ದ ಕಪ್ ಅನ್ನು ತಂದು ಕಾರ್ಯದರ್ಶಿಯ ಮೇಜಿನ ಮೇಲಿಟ್ಟಳು. ಹೋಗುವಾಗ ಅಂಕಣದ ಬದಿಯಲ್ಲಿ ನಿಂತಿದ್ದ ಅವನಿಗೆ, "ಗುರುತು ನೋಡಿ ಅಂದಿದ್ದೆ ನಾನು. ಗೆಲ್ಲಿಸಿ ಅಂದಿರಲಿಲ್ಲ," ಎಂದಳು. ಮತ್ತೆ ಅವನೊಡನೆ ಮಾತಾಡಲಿಲ್ಲ.

ಕ್ಲಬ್ಬು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಚೆನ್ನಾಗಿ ಗೆರೆ ಹಾಕುವವರು ಬೇರೆ ಯಾರಿದ್ದರು? ಆದರೆ ತಕರಾರು ಬಂದಾಗ ಜನ ಅವನತ್ತ ತಿರುಗುವುದನ್ನು ಬಿಟ್ಟರು, ತಾವೇ ಬಗ್ಗಿ ನೋಡಿಕೊಂಡರು. ಅವನು ದೂರದಲ್ಲಿ ಪೈಪು ಸುತ್ತುತ್ತಾ, ಕೇಳಿಸದವನಂತೆ ಇರುತ್ತಿದ್ದ. ಮನೆಯಲ್ಲಿ ಮಗಳು ತನ್ನನ್ನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು, ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ಅಂಕಣದ ಕಡೆ ತಲೆ ಹಾಕಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳೇ ರ‍್ಯಾಕೆಟ್ ಹಿಡಿದು ಬಂದು ಚೆಂಡು ಎಸೆದುಕೊಡಲು ಹೇಳಿದಳು. ಅವನು ಬುಟ್ಟಿ ತಂದು ಬಲೆಯ ಈಚೆ ನಿಂತ. ಅವಳ ಎಡ ಮಣಿಕಟ್ಟು ಮುಂದಾಗಿ ಚೆಂಡನ್ನು ಹುಡುಕಿಕೊಂಡು ಹೋಗುತ್ತಿತ್ತು, ಬಲಗಾಲು ಅರೆಕ್ಷಣ ಮೊದಲೇ ನೆಲದಲ್ಲಿ ಊರಿರುತ್ತಿತ್ತು. ಇಷ್ಟು ವರ್ಷ ಇದು ಎಲ್ಲಿತ್ತು ಎಂದುಕೊಂಡ. ಚೆನ್ನಾಗಿದೆ ಎಂಬ ಮಾತು ತುಟಿಗೆ ಬಂತು. ಈಗ ಹೇಳಿದರೆ ಕ್ಷಮೆಗೆ ಲಂಚ ಕೊಟ್ಟಂತಾಗುತ್ತದೆ ಎನ್ನಿಸಿ ನುಂಗಿಕೊಂಡ. ಇನ್ನೊಂದು ಚೆಂಡು ಎಸೆದ.

ಬುಟ್ಟಿ ಬರಿದಾದಾಗ ಇಬ್ಬರೂ ಚೆಂಡು ಆರಿಸಲು ಹೋದರು, ಅವಳು ಆ ಬದಿಗೆ, ಅವನು ಈ ಬದಿಗೆ.